ಕಾಲೆತ್ತದ ಡ್ರಿಲ್ಲು

ಕಲಿಸಿದವರನ್ನು ಏಕವಚನದಲ್ಲಿ ಕರೆಯಬಾರದಂತೆ. ನಮ್ಮ ಸಿರುಗುಪ್ಪ ಸಾಲೆಯ ಡ್ರಿಲ್ ಮಾಸ್ತರ ಉಚ್ಚೆಂಗೆಪ್ಪ ನನಗೆ ಏನೂ ಕಲಿಸಲಿಲ್ಲ, ಆದ್ದರಿಂದ ಕರೆಯುತ್ತೇನೆ. ಕೊರಳಲ್ಲಿ ಸೀಟಿ, ಬಾಯಿತುಂಬ ಎಲೆಅಡಿಕೆ. ಅವನು ಓಡಿದ್ದನ್ನು ಒಮ್ಮೆ ಮಾತ್ರ ಕಂಡಿದ್ದೇನೆ, ಅದೂ ತೆಕ್ಕಲಕೋಟೆ ಬಸ್ಸಿನ ಹಿಂದೆ.

ಸಾಲೆಗೆ ಒಳ್ಳೆಯ ಮೈದಾನವಿತ್ತು. ಕಾಲುವೆ ನೀರಿಗೆ ವರ್ಷಕ್ಕೆರಡು ಬೆಳೆ. ಎರಡು ಸಲವೂ ಪಕ್ಕದ ರೈಸ್ ಮಿಲ್ಲಿನವರಿಗೆ ಭತ್ತ ಒಣಹಾಕಲು ಉಚ್ಚೆಂಗೆಪ್ಪ ಮೈದಾನ ಬಿಟ್ಟುಕೊಡುತ್ತಿದ್ದ. ಒಣಹಾಕಿದ ಭತ್ತವನ್ನು ಆಗಾಗ ತಿರುವಬೇಕು. ಅದಕ್ಕೆ ಕೂಲಿಯವರೇಕೆ, ನಾವಿದ್ದೆವಲ್ಲ! ಡ್ರಿಲ್ ಪೀರಿಯಡ್ಡಿನಲ್ಲಿ ಸಾಲಾಗಿ ನಿಂತು, ಭತ್ತದೊಳಗೆ ಪಾದ ಎಳೆಯುತ್ತ ನಡೆಯಬೇಕು.

"ಕಾಲು ಎತ್ತಬ್ಯಾಡ್ರಿ! ಅಡಿಗಿನ ನೆಲ್ಲು ಮ್ಯಾಲ ಬರಬೇಕು!"

ಇಷ್ಟೇ ಅವನ ವ್ಯಾಯಾಮ ವಿದ್ಯೆ.

ಎಪ್ಪತ್ನಾಲ್ಕರಲ್ಲಿ ನಾನು ಏಳನೇ ತರಗತಿ. ಕಾಲುವೆ ಏರಿಯ ಮೇಲೆ ಹುಡುಗರನ್ನೂ ಹಿಂದೆ ಹಾಕುತ್ತಿದ್ದೆ. ಅಪ್ಪ ಖಡಾಖಂಡಿತ ಹೇಳಿದ್ದ: "ಜಡೆಮ್ಮಾ, ಬಳ್ಳಾರ್ಯಾಗ ಓಟ ಗೆದ್ದಿ ಅಂದ್ರ ಹೈಸ್ಕೂಲಿಗೆ ಕಳಸ್ತೀನಿ. ಇಲ್ಲಾಂದ್ರ ನಾಟಿ ಹಚ್ಚಾಕ ನಡಿ."

ಉಚ್ಚೆಂಗೆಪ್ಪನ ಮುಂದೆ ಕೈಮುಗಿದೆ. "ಸಾರ್, ಒಂದು ತಿಂಗಳು ನೆಲ್ಲು ತಗಸ್ರಿ. ಓಡಾಕ ಜಾಗ ಇಲ್ರಿ."

"ನೆಲ್ಲಿನಾಗ ನಡದ್ರ ಕಾಲು ಗಟ್ಟಿ ಆಗ್ತಾವ, ಹೋಗು."

ಅದೇ ವಾರ ಬಳ್ಳಾರಿಯಿಂದ ಚಿದಾನಂದಪ್ಪನೆಂಬ ಸಾಹೇಬ ಬಂದ. ಯಾವ ಸಾಲೆಯಲ್ಲಿ ವ್ಯಾಯಾಮ ಚೆನ್ನಾಗಿ ಕಲಿಸುತ್ತಾರೆಂದು ನೋಡಿ ಉಳಿದವರಿಗೆ ಹೇಳುವ ಕೆಲಸ ಅವನದು. ಬೂಟಿನೊಳಗೆ ಭತ್ತದ ಚುಚ್ಚುವ ಸುಂಕು ಹೋದೀತೆಂದು ಪಡಸಾಲೆಯಿಂದ ಕೆಳಗಿಳಿಯಲಿಲ್ಲ. ನೂರು ಮಕ್ಕಳು ಒಂದೇ ತಾಳದಲ್ಲಿ ಕಾಲೆಳೆಯುವುದನ್ನು ಅಲ್ಲಿಂದಲೇ ನೋಡಿ, "ಎಂಥಾ ಶಿಸ್ತು!" ಎಂದ. ಮಂಡಿಗೆ ಬಲ ಕೊಡುವ ಮಾದರಿ ಕವಾಯತು ಎಂದು ಬರೆದುಕೊಂಡು ಹೋದ. ಹದಿನೈದೇ ದಿನಕ್ಕೆ ಎಲ್ಲ ಸಾಲೆಗಳಿಗೂ ಸುತ್ತೋಲೆ ಬಂತು. ಭತ್ತವೇ ಇಲ್ಲದ ಕುರುಗೋಡಿನ ಮಕ್ಕಳು ಬರೀ ಧೂಳಿನಲ್ಲಿ ಕಾಲೆಳೆದರು. ಅಲ್ಲಿನ ಮಾಸ್ತರರೊಬ್ಬರೂ ಯಾಕೆಂದು ಕೇಳಲಿಲ್ಲ. ಕುರಿಗಳು!

ಸಂಕ್ರಾಂತಿ ಕಳೆದು ಬಳ್ಳಾರಿಯಲ್ಲಿ ಓಟ. ಅರ್ಧದವರೆಗೆ ನಾನೇ ಮುಂದಿದ್ದೆ. ಆಮೇಲೆ ದಣಿದ ಕಾಲು ತನಗೆ ರೂಢಿಯಾದದ್ದನ್ನೇ ಮಾಡಿತು. ಹೆಬ್ಬೆರಳು ನೆಲ ಕೆರೆದು, ಮುಗ್ಗರಿಸಿ ಬಿದ್ದೆ. ಗೆರೆಯಾಚೆಯಿಂದ ಉಚ್ಚೆಂಗೆಪ್ಪ ಎಲೆಅಡಿಕೆ ಉಗುಳಿ ಕೂಗುತ್ತಿದ್ದ:

"ಕಾಲೆತ್ತು! ಏ ಹುಡುಗೀ, ಕಾಲೆತ್ತಿ ಓಡು!"

ಮೂರು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಸಂಜೆ ಅದೇ ಮೈದಾನದಲ್ಲಿ, ಮಾದರಿ ಕವಾಯತಿಗೆಂದು, ಅವನಿಗೆ ಶಾಲು ಹೊದಿಸಿದರು. ನಾನೂ ಚಪ್ಪಾಳೆ ತಟ್ಟಬೇಕಾಯಿತು.

ಮರುದಿನ ನಾಟಿಗೆ ಇಳಿದೆ. ಮೊಣಕಾಲುದ್ದ ಕೆಸರು. ಅಲ್ಲಿ ಕಾಲೆತ್ತದೆ ಒಂದು ಹೆಜ್ಜೆಯೂ ಇಡಲಾಗುವುದಿಲ್ಲ. ಎರಡೇ ದಿನಕ್ಕೆ ಕಲಿತೆ.