ವೇದನ ಕುರವುಂಡೋ?

ಒಲೆ ಮುಂದೆ ಕೂತಿದ್ದಾಗ ಹೊಟ್ಟೆಯ ಬಲಗಡೆ ಹಿಡಿದುಕೊಂಡಿತು. ವಾಯು ಅಂದುಕೊಂಡೆ. ಸಂಜೆಯ ಹೊತ್ತಿಗೆ ನಿಲ್ಲಲಾಗಲಿಲ್ಲ. ನನ್ನವರು ಜೀಪು ಮಾಡಿಕೊಂಡು ಆಸ್ಪತ್ರೆಗೆ ಸೇರಿಸಿದರು.

ಅಪೆಂಡಿಕ್ಸ್ ಒಡೆದಿತ್ತು.

ಆಪರೇಷನ್ ಆಯಿತು. ಕಬಿನಿಯ ಆಚೆ ದಡದಿಂದ ಮದುವೆಯಾಗಿ ಕೇರಳದ ಕೊಳವಳ್ಳಿಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಮಲಯಾಳ ಅಷ್ಟಕ್ಕಷ್ಟೇ. ನನ್ನನ್ನು ನೋಡಿಕೊಳ್ಳಲು ತವರಿನಿಂದ ಬಂದು ಬೈಸ್ಟ್ಯಾಂಡರ್ ಆಗಿ ಜೊತೆಗಿದ್ದ ಅವ್ವನಿಗೆ ಅದೂ ಬಾರದು. ಗಂಡಸರನ್ನು ಹೆಂಗಸರ ವಾರ್ಡಿನೊಳಗೆ ಬಿಡುತ್ತಿದ್ದದ್ದು ಸಂಜೆ ಮಾತ್ರ.

ದಿನಾ ಬೆಳಿಗ್ಗೆ ಸಿಸ್ಟರ್ ಬಂದು ಕೇಳುತ್ತಿದ್ದರು: "ವೇದನ ಕುರವುಂಡೋ?"

ಕುರು ಅಂದರೆ ನಮ್ಮಲ್ಲಿ ಕೀವಿನ ಗುಳ್ಳೆ. ಕೊಯ್ದ ಗಾಯವನ್ನೇ ಹಾಗನ್ನುತ್ತಾರೆ, ಅಲ್ಲಿ ನೋವಿದೆಯಾ ಅಂತ ಕೇಳುತ್ತಾರೆ ಅಂದುಕೊಂಡೆ. ಇದೆ ಅನ್ನುವುದಕ್ಕೆ "ಉಂಡು" ಅಂದೆ. ಅವರು ನಕ್ಕು, "ನಲ್ಲದು" ಅಂತ ಟ್ಯಾಬಿನಲ್ಲಿ ಏನೋ ಒತ್ತಿ ಮುಂದಿನ ಬೆಡ್ಡಿಗೆ ಹೋದರು.

"ನೋಯ್ತದೆ ಅಂದ್ರೆ ಒಳ್ಳೇದು ಅಂತಾಳಲ್ಲವ್ವ ಇವ್ಳು!"

"ಸುಮ್ಕಿರು ಮಗ. ಓದ್ದೋರು, ಏನೋ ಇರ್ತದೆ," ಅಂದಳು ಅವ್ವ.

ಸಂಜೆ ನನ್ನವರ ಹತ್ತಿರ ಹೇಳಿಕೊಂಡೆ. "ಕಮ್ಮಿ ಆಗ್ತಾ ಐತೆ ಅಂತ ಸಿಸ್ಟರ್ ಹೇಳಿದ್ರು ಕಣೆ. ವಸಿ ತಡ್ಕೊ," ಅಂದರು. ಮಾರನೆಯ ಸಂಜೆಯೂ ಅದೇ ಮಾತು. ಬರಬರುತ್ತಾ, ನೋವು ಕಡಿಮೆಯಾಗುವುದು ಅಂದರೆ ಹೀಗೇ ಇರುತ್ತೇನೋ, ನನಗೇ ತಾಳ್ಮೆ ಸಾಲದೇನೋ ಅನ್ನಿಸಿತು. ಹೊಟ್ಟೆ ಬೇರೆ ಯಾರದೋ ಎಂಬಂತೆ ಫ್ಯಾನು ನೋಡುತ್ತಾ ಬಿದ್ದುಕೊಂಡೆ.

ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ ನನ್ನವರನ್ನು ಒಳಗೆ ಬಿಟ್ಟರು. ಸಿಸ್ಟರ್ ಎಂದಿನಂತೆ ಕೇಳಿದರು. ಎಂದಿನಂತೆ "ಉಂಡು" ಅಂದೆ, ಹಲ್ಲು ಕಚ್ಚಿಕೊಂಡು.

"ಕಮ್ಮಿಯಾಗಿದ್ರೆ ಮುಖ ಯಾಕೆ ಹಂಗ್ ಮಾಡ್ತೀಯೆ?" ಅಂದರು ನನ್ನವರು.

"ಕಮ್ಮಿ ಎಲ್ಲಿ? ನೋವದೆ ಅಂತಾನೇ ಅಲ್ವಾ ನಾನು ದಿನಾ ಹೇಳ್ತಿರೋದು!"

"ಅಯ್ಯೋ, ಕುರವು ಅಂದ್ರೆ ಕಮ್ಮಿ ಕಣೆ!"

ಅವರು ಮಲಯಾಳದಲ್ಲಿ ವಿವರಿಸಿದಾಗ ಸಿಸ್ಟರ್ ಮುಖ ಬಿಳುಚಿತು. ಸ್ಕ್ಯಾನ್ ಮಾಡಿಸಿದರು.

ಒಳಗೆ ಕೀವು ತುಂಬಿತ್ತು.

ಮತ್ತೆ ಆಪರೇಷನ್. ಆ ಹೊತ್ತಿನಲ್ಲಿ ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಆ ಸಲ ಆಸ್ಪತ್ರೆ ಯಾವುದೋ ಗುಣಮಟ್ಟದ ಯೋಜನೆಗೆ ಸೇರಿತ್ತಂತೆ. ಎಷ್ಟು ಜನಕ್ಕೆ ನೋವು ಇಳಿಯಿತು, ಎಷ್ಟು ಜನಕ್ಕೆ ವಾರ್ಡಿನಲ್ಲೇ ಇನ್ಫೆಕ್ಷನ್ ಆಯಿತು ಎಂದು ಮೇಲಕ್ಕೆ ರಿಪೋರ್ಟ್ ಮಾಡಬೇಕು. ಸ್ಕೋರ್ ಚೆನ್ನಾಗಿದ್ದರೆ ಎಲ್ಲ ಸಿಸ್ಟರ್‌ಗಳಿಗೂ ಇನ್ಸೆಂಟಿವ್. ನಮ್ಮ ವಾರ್ಡೇ ಮುಂದಿತ್ತು. ನನ್ನ "ಉಂಡು"ಗಳೂ ಅದರಲ್ಲಿ ಸೇರಿದ್ದವು.

ಹೆಡ್ ಸಿಸ್ಟರ್ ನನ್ನವರನ್ನು ಪಕ್ಕಕ್ಕೆ ಕರೆದು, ಡಿಸ್ಚಾರ್ಜ್ ಆಗಿ ಮನೆಗೆ ಹೋಗಿದ್ದೆವು, ಅಲ್ಲಿ ಗಾಯಕ್ಕೆ ನೀರು ಬಿದ್ದು ಹೀಗಾಯಿತು ಎಂದು ಸುಳ್ಳು ಹೇಳಲು ಕೇಳಿದರಂತೆ. ಹೆಂಡತಿ ಒಳಗೆ ಟೇಬಲ್ ಮೇಲಿದ್ದಾಗ ಯಾರು ತಾನೇ ಆಗದು ಅನ್ನುತ್ತಾರೆ? ನನ್ನವರು ತಲೆಯಾಡಿಸಿದರು. ಅಲ್ಲೇ ನಿಂತಿದ್ದ, ದಿನಾ ನನ್ನನ್ನು ಕೇಳುತ್ತಿದ್ದ ನಮ್ಮ ಸಿಸ್ಟರ್ ಮಾತ್ರ ಒಪ್ಪಲಿಲ್ಲ. ಇಲ್ಲೇ ಆದದ್ದನ್ನು ಇಲ್ಲೇ ಆಯಿತು ಅಂತಲೇ ರಿಪೋರ್ಟ್ ಮಾಡಿದರು.

ಇನ್ಸೆಂಟಿವ್ ಹೋಯಿತು. ಉಳಿದ ಸಿಸ್ಟರ್‌ಗಳು ಅವರೊಂದಿಗೆ ಮಾತು ಬಿಟ್ಟಿದ್ದು ನನ್ನ ಬೆಡ್ಡಿನಿಂದಲೇ ಕಾಣುತ್ತಿತ್ತು.

ಆ ಸಿಸ್ಟರ್‌ನಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು, ನಿನಗೆ ಸಿಟ್ಟು ಬರಲಿಲ್ಲವಾ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ಬರಬೇಕಿತ್ತೇನೋ. ಹೊರಡುವ ದಿನ ಅವರಿಗೆ, "ನನ್ನಿಂದ ನಿಮ್ಗೆಲ್ಲ ಲುಕ್ಸಾನಾಯ್ತು" ಅಂದೆ. ನನ್ನವರು ಅದನ್ನು ಮಲಯಾಳಕ್ಕೆ ತಿರುಗಿಸಿದರು. ಸಿಸ್ಟರ್ ತಲೆ ತಗ್ಗಿಸಿಕೊಂಡು ಏನೋ ಹೇಳಿದರು.

"ಏನಂತೆ?"

"ನೀನು ದಿನಾ ನಿಜಾನೇ ಹೇಳಿದ್ಯಂತೆ."

ಆಗ ನನಗೆ ಅಳು ಬಂತು.