ಒಣಹುಲ್ಲಿನ ಬಣ್ಣದ ಅಂಗಿ

ನಮ್ಮ ಅಡುಗೆಕೋಣೆಯ ಮೂಲೆಯಲ್ಲಿ ಒಂದು ಮಣ್ಣಿನ ಗಡಿಗೆ ಇದೆ. ಚಳ್ಳಕೆರೆಯ ಬೇಸಿಗೆಯನ್ನು ಕಂಡವರಿಗೆ ಗಡಿಗೆಯ ಮಹಿಮೆಯನ್ನು ವರ್ಣಿಸಬೇಕಾಗಿಲ್ಲ. ಕಾಣದವರಿಗೆ ವರ್ಣಿಸಿದರೂ ಅವರು ನಂಬುವುದಿಲ್ಲ. ಗಡಿಗೆಯ ನೀರು ತಣ್ಣಗಿರಬೇಕಾದರೆ ಅದರ ಹೊಟ್ಟೆಗೆ ಒದ್ದೆ ಬಟ್ಟೆಯೊಂದನ್ನು ಸುತ್ತಬೇಕು. ಹೋದ ಬೇಸಿಗೆಯಲ್ಲಿ ನನ್ನ ಹೆಂಡತಿ ಸರೋಜ ಈ ಘನಕಾರ್ಯಕ್ಕೆ ನನ್ನ ಫುಟ್‌ಬಾಲ್ ಜೆರ್ಸಿಯನ್ನು ನೇಮಿಸಿದಳು. ಅದಕ್ಕೂ ಮೊದಲು ಅದನ್ನು ನೆಲ ಒರೆಸಲು ಹಚ್ಚಿ ನೋಡಿದ್ದಳು. ಅದು ನೀರನ್ನು ಹೀರದೆ ಪಡಸಾಲೆಯಿಂದ ನಡುಮನೆಗೆ ದಾಟಿಸಿತ್ತು. ಕಿಟಕಿಗೆ ಹಚ್ಚಿದಳು, ಧೂಳು ಹೋಗದೆ ಗೀಚು ಬಿತ್ತು. ಕೊನೆಗೆ ಗಡಿಗೆಗೆ ಸುತ್ತಿ, ಮೇಲೆ ನೀರು ಚಿಮುಕಿಸಿ, ಆ ನೀರೆಲ್ಲ ಜರ್ರನೆ ಇಳಿದು ನೆಲಕ್ಕೆ ಹೋದದ್ದನ್ನು ನೋಡಿ, "ಒರೆಸಾಕೂ ಬರಲ್ಲ, ಸುತ್ತಾಕೂ ಬರಲ್ಲ, ಇದನ್ನ ಹಾಕ್ಕಂಡು ಆಡಾಕ್ ಹೋಗಿದ್ರಲ್ಲ, ನಿಮ್ಮ ಹುಡುಗ್ರು ಗೆಲ್ತಾರೇನ್ರಿ?" ಎಂದಳು; ಬೇರೆ ಬಟ್ಟೆ ಸಿಗುವವರೆಗೆ ಇರಲಿ ಎಂದು ಅಲ್ಲೇ ಬಿಟ್ಟಳು. ನಮ್ಮ ತಂಡದ ಬಗ್ಗೆ ಅದಕ್ಕಿಂತ ನಿಖರವಾದ ವಿಮರ್ಶೆ ನಾನು ಕೇಳಿಲ್ಲ.

ಈ ಅಂಗಿಗೊಂದು ಕುಲಗೋತ್ರವಿದೆ, ಹೇಳುತ್ತೇನೆ. ನಮ್ಮೂರಿನಲ್ಲಿ ಕಾವಲ್ ಇಲೆವೆನ್ ಎಂಬ ಫುಟ್‌ಬಾಲ್ ತಂಡವಿದೆ. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನ ಮೇಲಿನ ಅಭಿಮಾನದಿಂದ ಇಟ್ಟ ಹೆಸರು. ಅಲ್ಲಿ ಮೇಯುವ ದನಗಳ ವೇಗ ನಮ್ಮ ಹುಡುಗರಿಗೂ ಬರಲಿ ಎಂಬ ಆಸೆಯೂ ಇದ್ದೀತು. ಬರಲಿಲ್ಲ, ಆ ಮಾತು ಬೇರೆ. ಈ ತಂಡಕ್ಕೆ ಕೆಲವು ಅಭಿಮಾನಿಗಳಿದ್ದೇವೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಾದ ನಾನು. ಕುರಿ ಸಾಕುವ, ಕುರಿಗಳನ್ನು ಕೂಗಿ ಕೂಗಿಯೇ ಗಂಟಲು ಪಳಗಿಸಿಕೊಂಡ ಪಾಲಯ್ಯ. ಮತ್ತು ಬಸ್ ಸ್ಟ್ಯಾಂಡಿನ ಹಿಂದೆ ಪಂಕ್ಚರ್ ಅಂಗಡಿ ಇಟ್ಟಿರುವ ಶಫಿ. ಶಫಿ ಚಿಕ್ಕಂದಿನಿಂದಲೂ ಟ್ಯೂಬುಗಳ ನಡುವೆಯೇ ಬೆಳೆದವನು, ಒಂದು ದಿನವೂ ಯಾವ ತಂಡದಲ್ಲೂ ಆಡಿದವನಲ್ಲ. ಆದರೆ ತಂಡ ಹುಟ್ಟಿದ ದಿನದಿಂದ ಅದರ ಚೆಂಡಿಗೆ ಗಾಳಿ ತುಂಬುವವನು ಅವನೇ, ತೂತಾದರೆ ತೇಪೆ ಹಾಕುವವನು ಅವನೇ. ಪ್ರತಿ ಪಂದ್ಯದಲ್ಲೂ ಸುಣ್ಣದ ಗೆರೆಗೆ ಹೆಬ್ಬೆರಳು ತಾಗಿಸಿಕೊಂಡು ನಿಲ್ಲುತ್ತಿದ್ದ, ಒಳಗೆ ಹೋಗುತ್ತಿರಲಿಲ್ಲ, ಹಿಂದಕ್ಕೂ ಸರಿಯುತ್ತಿರಲಿಲ್ಲ.

ಹೊಸ ಜೆರ್ಸಿಯ ಬಣ್ಣ ಯಾವುದಿರಲಿ ಎಂಬ ಚರ್ಚೆ ಬಂದಾಗ ಶಫಿಯೇ ಹೇಳಿದ್ದು: "ಮಳೆ ಹೋದ್ಮ್ಯಾಲೆ ನಮ್ ಕಾವಲು ಯಾವ ರಂಗು ಇರ್ತೈತೋ ಅದೇ ಹಾಕ್ಸೋಣ್ರಿ ಮೇಷ್ಟ್ರೇ. ದೂರದಿಂದ ನೋಡಿದ್ರೂ ಚಳ್ಳಕೆರೆಯವ್ರು ಬಂದ್ರು ಅಂತ ಗೊತ್ತಾಗ್ಬೇಕು." ಒಣಹುಲ್ಲಿನ ಬಂಗಾರದ ಬಣ್ಣ! ಸಭೆಗೆ ಸಭೆಯೇ ಭೇಷ್ ಎಂದಿತು. ಬಣ್ಣದ ವಿಷಯದಲ್ಲಿ ಊರಿಗೇ ತಜ್ಞನೆನಿಸಿಕೊಂಡ ನಾನು ಎಲ್ಲರಿಗಿಂತ ಎರಡು ಸಲ ಹೆಚ್ಚು ಭೇಷ್ ಎಂದೆ. ಆಟಗಾರರಿಗೆ ಬೆನ್ನ ಮೇಲೆ ಸಂಖ್ಯೆ ಇರುವ ಅಂಗಿ, ಅಭಿಮಾನಿಗಳಾದ ನಮಗೆ ಅದೇ ಅಂಗಿ, ಬೆನ್ನು ಖಾಲಿ. ನಮ್ಮೂರಿನ ಕೆಂಪು ಮಣ್ಣಿನ ಮೈದಾನದಲ್ಲಿ ಅದನ್ನು ತೊಟ್ಟು ನಿಂತಾಗ ನಾವೆಲ್ಲ ಹೊಸದಾಗಿ ಕಲಾಯಿ ಹಾಕಿಸಿಕೊಂಡ ಪಾತ್ರೆಗಳಂತೆ ಹೊಳೆದೆವು.

ಆಮೇಲೆ ಮೊಳಕಾಲ್ಮುರಿಗೆ ಹೋದೆವು.

ಮೊಳಕಾಲ್ಮುರಿನ ಮೈದಾನವನ್ನು ನೀವು ನೋಡಿರಲಿಕ್ಕಿಲ್ಲ. ಹಿಂದೆ ಬಂಡೆಗಳ ಗುಡ್ಡ, ಮುಂದೆ ಬಂಡೆಗಳ ಗುಡ್ಡ, ನಡುವೆ ಒಣಹುಲ್ಲು, ಹುಲ್ಲಿನ ಮೇಲೆ ಅದೇ ಬಣ್ಣದ ಧೂಳು. ಟೆಂಪೋದಿಂದ ಇಳಿದ ನಮ್ಮ ಹನ್ನೊಂದು ಮಂದಿ ಹುಡುಗರು ಮೈದಾನಕ್ಕೆ ಓಡಿದರು ಮತ್ತು ಕಾಣೆಯಾದರು. ಉತ್ಪ್ರೇಕ್ಷೆಯಲ್ಲ ಸ್ವಾಮಿ, ಗಾಳಿ ಎದ್ದು ಧೂಳು ಹಾರಿದಾಗ ಕಪ್ಪು ತಲೆಗಳು ಮಾತ್ರ ಅತ್ತಿಂದಿತ್ತ ತೇಲುತ್ತಿದ್ದವು. ಎದುರಾಳಿಗಳು ತೊಟ್ಟಿದ್ದದ್ದು ಕಡುನೇರಳೆ. ರೇಷ್ಮೆ ಸೀರೆ ನೇಯುವ ಊರಿನವರಿಗೆ ಬಣ್ಣದ ಪಾಠ ಹೇಳಬೇಕೇ? ಅಲ್ಲಿನ ಪ್ರೇಕ್ಷಕರಲ್ಲಿ ಒಬ್ಬ ಹಿರಿಯರು ಆಟವನ್ನು ಬಿಟ್ಟು ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ಉಜ್ಜಿ, "ಇದೇನ್ ಸ್ವಾಮಿ, ಯೂರಿಯಾ ಚೀಲದಾಗ ಹೊಲ್ಸೀರಾ?" ಎಂದು ಅತ್ಯಂತ ಗೌರವದಿಂದ ಕೇಳಿದರು.

ನಮ್ಮ ಹುಡುಗರು ಬಂಡೆಗೆ ಪಾಸ್ ಕೊಟ್ಟರು. ಅಂಚಿನ ಪೊದೆಗೂ ಕೊಟ್ಟರು. ಮೈದಾನಕ್ಕೆ ಬೇಲಿಯಿರಲಿಲ್ಲ, ಸುಣ್ಣದ ಗೆರೆಯನ್ನು ಗಾಳಿ ಆಗಲೇ ಆಂಧ್ರದ ಕಡೆಗೆ ಹೊತ್ತುಕೊಂಡು ಹೋಗಿತ್ತು, ಅಂಚಿನಲ್ಲಿ ಅದೇ ಅಂಗಿ ತೊಟ್ಟು ನಾವು ನಿಂತಿದ್ದೆವು. ಚೆಂಡು ಕೊಡುವವನು ಎದೆ ನೋಡಿ ಕೊಡುತ್ತಾನೆಯೇ ಹೊರತು ಬೆನ್ನ ಹಿಂದೆ ಹೋಗಿ ಸಂಖ್ಯೆ ಓದಿ ಬಂದು ಕೊಡುವುದಿಲ್ಲ. ಮೊದಲ ಪಾಸು ಪಾಲಯ್ಯನ ಕಾಲಿಗೆ ಬಂತು. ಹಾವು ಬಂದಂತೆ ಎಗರಿದ. ಎರಡನೆಯದು ನನ್ನ ಬುತ್ತಿಯ ಚೀಲಕ್ಕೆ ಬಡಿಯಿತು. ಆ ಹೊತ್ತಿಗೆ ನಾವು ಮೂರು ಗೋಲು ಹಿಂದಿದ್ದೆವು. ಆಗ ನಮ್ಮ ತಿಪ್ಪೇಶ, ಇದ್ದವರಲ್ಲೇ ವೇಗವಾಗಿ ಓಡುವವನು, ಇಬ್ಬರನ್ನು ದಾಟಿ ತಲೆಯೆತ್ತಿ ನೋಡಿದ. ಗೋಲಿನ ಸಮೀಪ ಒಣಹುಲ್ಲಿನ ಬಣ್ಣದ ಎದೆಯೊಂದು ಕಂಡಿತು. ಕೊಟ್ಟ.

ಅದು ಶಫಿಯ ಎದೆ. ಚೆಂಡು ಅವನ ಪಾದದ ಹತ್ತಿರ ಬಂದು, ಮನೆಗೆ ಬಂದ ಬೆಕ್ಕಿನ ಹಾಗೆ ನಿಂತಿತು. ಅವನೇ ಬೆಳಿಗ್ಗೆ ಗಾಳಿ ತುಂಬಿದ್ದ ಚೆಂಡು. ಅವನು ಒಂದು ಕ್ಷಣ ಅದನ್ನು ನೋಡಿದ, ಲುಂಗಿಯನ್ನು ಮೊಣಕಾಲ ಮೇಲಕ್ಕೆತ್ತಿ ಹೊಡೆದ. ಎಂಥ ಹೊಡೆತ ಅಂತೀರಿ! ಗೋಲ್‌ಕೀಪರ್ ತನ್ನ ಮುಂದಿರುವುದು ಲುಂಗಿಯೋ ಚಡ್ಡಿಯೋ ನೋಡದೆ ಪ್ರಾಮಾಣಿಕವಾಗಿ ಹಾರಿದ, ಸಿಗಲಿಲ್ಲ, ಚೆಂಡು ಬಲೆಯೊಳಗೆ ಹೋಯಿತು. ಶಫಿ ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ. ಅವನ ಮುಖದಲ್ಲಿ ಆಗ ಇದ್ದದ್ದನ್ನು ನಾನು ಬರೆಯಲಾರೆ, ಬಣ್ಣದಲ್ಲೂ ತೆಗೆಯಲಾರೆ.

ರೆಫರಿ ಸೀಟಿ ಊದುತ್ತ ಓಡಿಬಂದು, "ಯಾರಯ್ಯಾ ನೀನು?" ಎಂದ.

"ನಮ್ ಟೀಮು ಸಾರ್," ಎಂದ ಶಫಿ, ಇನ್ನೂ ಕೈ ಇಳಿಸದೆ.

ಗೋಲನ್ನು ರದ್ದು ಮಾಡಿದ ರೆಫರಿ ಸಿಟ್ಟಿನ ಭರದಲ್ಲಿ ಏನು ಮಾಡಬೇಕೆಂದು ತೋಚದೆ ಜೇಬಿನಿಂದ ಕೆಂಪು ಕಾರ್ಡು ತೆಗೆದು ತೋರಿಸಿದ. ಹೊರಗಿರುವವನನ್ನು ಹೊರಗೆ ಹಾಕುವುದು ಹೇಗೆ? ಶಫಿ ನಿಯಮಕ್ಕೆ ತಲೆಬಾಗುವ ಮನುಷ್ಯ. ತಲೆ ತಗ್ಗಿಸಿ ನಡೆದ, ನಮ್ಮನ್ನು ದಾಟಿದ, ಮೈದಾನ ದಾಟಿದ, ರಸ್ತೆಯಾಚೆಯ ಬೇವಿನ ಮರದ ಕೆಳಗೆ ಹೋಗಿ ನಿಂತ. ಉಳಿದ ಆಟವನ್ನು ಅಲ್ಲಿಂದಲೇ ನೋಡಿದ. ಮೊಳಕಾಲ್ಮುರಿನವರು ನಕ್ಕ ನಗು ಊರಾಚೆ ದೂರದ ಬ್ರಹ್ಮಗಿರಿ ಗುಡ್ಡದ ಬಂಡೆಗಳಿಗೂ ಕೇಳಿಸಿರಬೇಕು.

ಟೆಂಪೋದಲ್ಲಿ ವಾಪಸು ಬರುವಾಗ ನಡೆದದ್ದು ನಿಜವಾದ ಪಂದ್ಯ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ಆಡಲಾರದ ನಮಗೆ ಅಂಗಿಯೇ ಡೊಂಕಾಯಿತು. "ಹುಲ್ಲಿನ ಬಣ್ಣ ಅಂತೆ ಹುಲ್ಲಿನ ಬಣ್ಣ! ನಮ್ ಕುರಿ ಕಂಡಿದ್ರೆ ಮೇದೇ ಬಿಡ್ತಿದ್ವು," ಎಂದು ಪಾಲಯ್ಯ ಶುರುಮಾಡಿದ. ಒಬ್ಬ ಅಂಗಿ ಬಿಚ್ಚಿ ಕಿಟಕಿಯಾಚೆ ಎಸೆದ. ಅದು ಗಾಳಿಗೆ ಹಿಂದಿರುಗಿ ಅವನ ಮುಖಕ್ಕೇ ಬಡಿಯಿತು. ಶಫಿ ಹಿಂದಿನ ಸೀಟಿನಲ್ಲಿ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಬಣ್ಣ ಅವನದು, ಗೋಲೂ ಅವನದು, ನಗೆಪಾಟಲೂ ಅವನ ಲೆಕ್ಕಕ್ಕೇ ಬಿತ್ತು. ಕಡೆಗೆ ಪಾಲಯ್ಯ ತಿರುಗಿ, "ಶಫೀ, ಇನ್ಮ್ಯಾಲೆ ನೀನು ಅಂಗಡ್ಯಾಗೇ ಇರಪ್ಪಾ. ಮ್ಯಾಚಿಗೆ ಬರಬ್ಯಾಡ," ಎಂದ. ಟೆಂಪೋದಲ್ಲಿ ಯಾರೂ ಅಲ್ಲಗಳೆಯಲಿಲ್ಲ.

"ಆಯ್ತ್ ಬಿಡ್ರಿ," ಎಂದ ಶಫಿ.

ಅಷ್ಟೇ. ಆಮೇಲಿನ ಪಂದ್ಯಗಳಿಗೆ ಅವನು ಬರಲಿಲ್ಲ. ಚೆಂಡು ಮಾತ್ರ ಅವನ ಅಂಗಡಿಗೆ ಹೋಗಿ ಬರುತ್ತಿತ್ತು. ಮೆತ್ತಗಾಗಿ ಹೋಗುತ್ತಿತ್ತು, ಗಟ್ಟಿಯಾಗಿ ಬರುತ್ತಿತ್ತು. ಗೆರೆಯ ಹತ್ತಿರ ಅವನು ನಿಲ್ಲುತ್ತಿದ್ದ ಜಾಗ ಖಾಲಿಯಾಗಿಯೇ ಉಳಿಯಿತು.

ಗೆಳೆಯರೇ, ಅಭಿಮಾನಿ ಎಂಬ ಪ್ರಾಣಿಯನ್ನು ನೀವು ಗಮನಿಸಿದ್ದೀರಾ? ಕಡಲೆಕಾಯಿ ಸುಲಿಯುತ್ತ ಅಂಚಿನಲ್ಲಿ ನಿಂತಿರುತ್ತಾನೆ, ಅವನ ಹಣೆಯಲ್ಲಿ ಒಂದು ಹನಿ ಬೆವರಿರುವುದಿಲ್ಲ, ಆದರೂ ತಂಡ ಗೆದ್ದರೆ ಸಂಜೆ ಹೋಟೆಲಿನಲ್ಲಿ "ನಾವು ಗೆದ್ವಿ" ಎನ್ನುತ್ತಾನೆ. ಸೋತರೆ ಅದೇ ಬಾಯಿ, ಅದೇ ಹೋಟೆಲು, "ಅವ್ರು ಸೋತ್ರು" ಎನ್ನುತ್ತದೆ. ಈ ಅನುಕೂಲದ ಭಕ್ತಿಯಲ್ಲಿ ನಾವೆಲ್ಲ ಪಳಗಿದವರು. ಚುನಾವಣೆಯಲ್ಲೂ, ಮಕ್ಕಳ ಪರೀಕ್ಷೆಯಲ್ಲೂ ಇದೇ ವರಸೆ. ಶಫಿಯೊಬ್ಬನೇ ಆ ಮಾತನ್ನು ಗಂಭೀರವಾಗಿ ನಂಬಿಬಿಟ್ಟಿದ್ದ. ನಮ್ಮ ಟೀಮು ಎಂದರೆ ನಮ್ಮ ಟೀಮು. ಚೆಂಡು ಕಾಲಿಗೆ ಬಂದರೆ ಹೊಡೆಯಬೇಕು. ಇಡೀ ದಿನದಲ್ಲಿ ಚಳ್ಳಕೆರೆಯ ಕಡೆಯಿಂದ ನೆಟ್ಟಗೆ ಗೋಲಿನತ್ತ ಹೋದ ಚೆಂಡು ಅದೊಂದೇ, ಮತ್ತು ಅದನ್ನು ಹೊಡೆದವನನ್ನೇ ನಾವು ಓಡಿಸಿದೆವು. ಯೋಚಿಸಿದಷ್ಟೂ ನನಗೆ ನಾಚಿಕೆಯಾಗುತ್ತಿತ್ತು. ಆದರೆ ನಾಚಿಕೆಯನ್ನು ಅಂಗಿಯ ಮೇಲೆ ತೀರಿಸಿಕೊಳ್ಳುವುದು ಸುಲಭ, ಹಾಗಾಗಿ ಅದನ್ನು ಸರೋಜಳ ಗಡಿಗೆಗೆ ಒಪ್ಪಿಸಿ ಸುಮ್ಮನಿದ್ದೆ.

ಆಮೇಲೆ ಮೊಳಕಾಲ್ಮುರಿನವರು ಮರುಪಂದ್ಯಕ್ಕೆ ನಮ್ಮೂರಿಗೆ ಬಂದರು. ಆ ಬೆಳಿಗ್ಗೆ ನಾನು ಗಡಿಗೆಯ ಅಂಗಿಯನ್ನು ಬಿಚ್ಚಿ, ಕೊಡವಿ, ತೊಟ್ಟುಕೊಂಡು ಹೋದೆ. ಬಸ್ಸಿನಿಂದ ಇಳಿದ ಅವರ ಅಭಿಮಾನಿಗಳ ಗುಂಪು ನಮ್ಮತ್ತ ಬಂತು. ಇನ್ನೂ ನಗಲು ಬಾಕಿಯಿದೆಯೆಂದು ನಾವು ಮೈ ಬಿಗಿಹಿಡಿದೆವು. ಬಟ್ಟೆ ಉಜ್ಜಿ ನೋಡಿದ್ದ ಆ ಹಿರಿಯರೇ ಮುಂದೆ ಬಂದು ಸುತ್ತ ಕಣ್ಣಾಡಿಸಿ ಕೇಳಿದರು:

"ಆ ಗೋಲ್ ಹೊಡ್ದ ಅಣ್ಣ ಎಲ್ಲವ್ನೆ? ನಮ್ ಮೊಮ್ಮಗ ಅವ್ನನ್ನ ನೋಡ್ಬೇಕಂತಾನೆ."

ಪಾಲಯ್ಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಅವನು ಬೈಕು ಹತ್ತಿ ಹೋದ. ಆಟ ಆಗಲೇ ಅರ್ಧ ಮುಗಿದಿತ್ತು, ಅವನು ಹಿಂದಿನ ಸೀಟಿನಲ್ಲಿ ಶಫಿಯನ್ನು ಕೂರಿಸಿಕೊಂಡು ಬಂದ. ಶಫಿ ಎಣ್ಣೆ ಮೆತ್ತಿದ ಅಂಗಡಿಯ ಶರ್ಟಿನಲ್ಲೇ ಇದ್ದ. ಗೆರೆಯ ಹತ್ತಿರ ಬಾ ಎಂದರೆ ಬರಲೊಲ್ಲ. ನಮಗಿಂತ ಹಿಂದೆ ನಿಂತ.

ಆಗ ತಿಪ್ಪೇಶ ಹೊಡೆದ ಚೆಂಡು ಗೆರೆ ದಾಟಿ, ನಮ್ಮ ಕಾಲುಗಳ ನಡುವೆ ನುಸುಳಿ, ಉರುಳುತ್ತ ಉರುಳುತ್ತ ಶಫಿಯ ಮುಂದೆ ಹೋಗಿ ನಿಂತಿತು. ಈ ಸಲ ಚೆಂಡು ಹೊರಗಿತ್ತು. ಯಾರು ಬೇಕಾದರೂ ಒದ್ದು ಒಳಗೆ ಕಳಿಸಬಹುದಿತ್ತು. ಶಫಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಕೊಟ್ಟೆಯ್ ಅನ್ನಾ!" ಎಂದು ಮೊಳಕಾಲ್ಮುರಿನ ಕಡೆಯಿಂದ ತೆಲುಗಿನಲ್ಲಿ ಕೂಗು ಬಂತು. ಹೊಡಿ ಅಣ್ಣಾ! ಅವನು ಕದಲಲಿಲ್ಲ. ರೆಫರಿಯತ್ತ ನೋಡಿದ, ಅದೇ ರೆಫರಿ, ಪುಣ್ಯಾತ್ಮ, ತಲೆಯೆತ್ತಿ ಆಕಾಶದಲ್ಲಿ ಮೋಡ ಹುಡುಕತೊಡಗಿದ. ಆಮೇಲೆ ಶಫಿ ನಮ್ಮತ್ತ ನೋಡಿದ. ನಮ್ಮ ಅಪ್ಪಣೆಗಾಗಿ ನೋಡಿದ.

"ಹೊಡಿಯಲೇ ಶಫೀ!" ಎಂದು ಪಾಲಯ್ಯ ಅರಚಿದ. ಕುರಿ ಕೂಗುವ ಗಂಟಲು ಅರ್ಧಕ್ಕೇ ಒಡೆಯಿತು. "ನಿನ್ ಚೆಂಡಲ್ಲೇನಲೇ ಅದು!"

ಶಫಿ ಹೊಡೆದ. ಚೆಂಡು ಮೈದಾನದ ಮೇಲಿಂದ, ಆಟಗಾರರ ಮೇಲಿಂದ, ಎದುರಿನ ರಸ್ತೆಯ ಮೇಲಿಂದ ಹಾರಿ ಎಣ್ಣೆ ಮಿಲ್ಲಿನ ಕಾಂಪೌಂಡಿನೊಳಗೆ ಬಿದ್ದು, ಕಡಲೆಕಾಯಿ ಹಿಂಡಿಯ ರಾಶಿಯಲ್ಲಿ ಹೂತುಹೋಯಿತು. ಅದನ್ನು ಹುಡುಕಿ ತರುವವರೆಗೆ ಎರಡೂ ಊರಿನವರು ಒಟ್ಟಿಗೆ ಚಪ್ಪಾಳೆ ತಟ್ಟುತ್ತಿದ್ದರು. ಶಫಿ ಸದ್ದಿಲ್ಲದೆ ಬಂದು ಗೆರೆಗೆ ಹೆಬ್ಬೆರಳು ತಾಗಿಸಿ ನಿಂತ.

ಆ ದಿನವೂ ಸೋತೆವು. ನಾವೇ ಸೋತೆವು, ಹೋಟೆಲಿನಲ್ಲಿ ಹಾಗೆಂದೇ ಹೇಳಿದೆವು.

ಮನೆಗೆ ಬಂದಾಗ ಗಡಿಗೆಗೆ ಬೇರೊಂದು ಬಟ್ಟೆ ಸುತ್ತಿತ್ತು. ಜರಿ ಅಂಚು ನೋಡಿ ಗುರುತು ಹಿಡಿದೆ. ನನ್ನ ನಿವೃತ್ತಿಯ ದಿನ, ದೀರ್ಘ ಭಾಷಣಗಳ ನಡುವೆ, ಗಣ್ಯರು ನನಗೆ ಹೊದಿಸಿದ ಸನ್ಮಾನದ ಶಾಲು. ಕಪಾಟಿನಲ್ಲಿ ಅದಕ್ಕೆಂದೇ ಒಂದು ಹ್ಯಾಂಗರ್ ಇಟ್ಟಿದ್ದೆ. ಸರೋಜ ಅಡುಗೆಕೋಣೆಯಿಂದಲೇ, "ಅದು ನೀರನ್ನ ಚೆನ್ನಾಗಿ ಹೀರ್ತೈತೆ ಕಣ್ರಿ," ಎಂದಳು. ನಾನು ಬೆವರಿನಿಂದ ಮೈಗೆ ಅಂಟಿಕೊಂಡಿದ್ದ ಒಣಹುಲ್ಲಿನ ಬಣ್ಣದ ಅಂಗಿಯನ್ನು ಬಿಚ್ಚಿ, ಒಗೆದು, ಒಣಗಿಸಿ, ಶಾಲಿನ ಹ್ಯಾಂಗರಿಗೆ ನೇತುಹಾಕಿದೆ. ಈಗ ನಮ್ಮ ಮನೆಯ ನೀರು ತಣ್ಣಗಿದೆ.