ಯಾರೂ ಇಲ್ಲದವರ ಕಡೆಯವರು

ಜುಲೈ ತಿಂಗಳ ಸೆಕೆಯಲ್ಲೂ ಡಾಕ್ಟರ್ ಅಂಕಲ್ ಕರಿ ಕೋಟು ಬಿಚ್ಚುತ್ತಿರಲಿಲ್ಲ. ಬೆವರು ಒಣಗಿ ಕಾಲರಿನ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತಿತ್ತು. ಒರೆಸಿಕೊಳ್ಳಿ ಎಂದು ಟಿಶ್ಯೂ ಕೊಟ್ಟರೆ ಮಡಚಿ ಜೇಬಿಗಿಟ್ಟುಕೊಂಡು ಹಾಗೇ ನಿಲ್ಲುವರು.

ತೊಂಬತ್ತರ ದಶಕದ ನಡುವಿನ ಮಾತು. ಅಮೆರಿಕದ ಕೊಲಂಬಿಯಾ ಊರಿನಲ್ಲಿ ಅವರದು ನಮ್ಮ ಪಕ್ಕದ ಮನೆ. ಧಾರವಾಡದವರು, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿದ್ದರು. ಅಲ್ಲಿ ತೀರಿಕೊಂಡ ಎಷ್ಟೋ ಜನರಿಗೆ ಹಿಂದಿಲ್ಲ, ಮುಂದಿಲ್ಲ. ಅಂಥವರನ್ನು ರಾಷ್ಟ್ರೀಯ ಸ್ಮಶಾನದಲ್ಲಿ ಹೂಳುವಾಗ ಮನೆಯವರ ಜಾಗದಲ್ಲಿ ನಿಲ್ಲುವ ಸ್ವಯಂಸೇವಕರಲ್ಲಿ ಅಂಕಲ್ ಒಬ್ಬರು. ಕಣ್ಣು ಮಂಜಾಗಿ ಅವರು ಡ್ರೈವಿಂಗ್ ಬಿಟ್ಟಿದ್ದರು. ನನಗೆ ಕಾರು ಓಡಿಸಲು ಬರುತ್ತಿತ್ತು, ಗಂಡನ ವೀಸಾದ ಮೇಲೆ ಬಂದಿದ್ದರಿಂದ ಕೆಲಸಕ್ಕೆ ಹೋಗುವಂತಿರಲಿಲ್ಲ. ಸರಿಯಾಗಿ ಸಿಕ್ಕಿಬಿದ್ದೆ.

ವಾಪಸ್ಸು ಬಂದರೆ ಆಂಟಿ ಗ್ಯಾರೇಜಿನ ಬಾಗಿಲಲ್ಲೇ ಟವೆಲ್ ಹಿಡಿದು ನಿಂತಿರುತ್ತಿದ್ದರು. "ಸ್ಮಶಾನದಿಂದ ಬಂದೀರಿ. ಏನೂ ಮುಟ್ಟಬ್ಯಾಡ್ರಿ, ಮೊದ್ಲು ಸ್ನಾನ."

"ಮೂವತ್ತು ವರ್ಷ ಹಾಸ್ಪಿಟಲ್‌ನಾಗ ಹೆಣಾ ನೋಡೇನಿ. ಆವಾಗ ಏನೂ ಅನ್ನಲಿಲ್ಲಲಾ?"

"ಅದು ಡ್ಯೂಟಿ. ಇದು ಹಟ."

ಒಂದು ವಾರದಲ್ಲಿ ಮೂರು ಸಲ ಹೋಗಿ ಬಂದು ನನಗೆ ಸಾಕುಸಾಕಾಗಿತ್ತು. ಗುರುವಾರ ಮತ್ತೆ ಫೋನ್ ಬಂದಾಗ, "ಅಂಕಲ್, ತುಂಬಾ ಹೆಡೇಕ್, ಡ್ರೈವ್ ಮಾಡಕ್ಕಾಗಲ್ಲ" ಎಂದು ಸುಳ್ಳು ಹೇಳಿ ಟಿವಿ ನೋಡುತ್ತ ಕುಳಿತೆ. ಅವತ್ತಿನವನನ್ನು ಕೆಲಸಗಾರರೇ ಹೂಳಿದರು. ಮರುದಿನ ಅಂಕಲ್ ಬಾಗಿಲು ತಟ್ಟಿ, "ತಲಿನೋವು ಹ್ಯಾಂಗದವಾ? ಕಡಿಮಿ ಆಗಿದ್ರ ಹೋಗಿ ಬರೂಣು" ಎಂದರು. ಹಸಿ ಮಣ್ಣಿನ ಮುಂದೆ ನಿಂತು, "ಸಾರಿ ಅಪಾ, ನಿನ್ನೆ ನನಗ ಬರಾಕ ಆಗಲಿಲ್ಲ" ಎಂದರು. ನನ್ನ ಹೆಸರು ಎತ್ತಲಿಲ್ಲ. ನಾಚಿಕೆಯಿಂದ ಅತ್ತುಬಿಟ್ಟೆ. ಆ ತಿಂಗಳೇ ನಾನೂ ಸ್ವಯಂಸೇವಕಿಯಾಗಿ ಹೆಸರು ಬರೆಸಿದೆ.

ಮೂರು ವರ್ಷದ ನಂತರ, ಒಂದು ಜನವರಿಯಲ್ಲಿ ಅಂಕಲ್ ಹೋದರು. ಅವರ ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ಸೀರೆ ಉಟ್ಟು ಹೊರಟಿದ್ದೆ, ಸ್ಮಶಾನದ ಕಚೇರಿಯಿಂದ ಫೋನ್ ಬಂತು. ಹನ್ನೊಂದಕ್ಕೆ ಒಬ್ಬರಿದ್ದಾರೆ, ಕಡೆಯವರು ಯಾರೂ ಇಲ್ಲ. ಅಂಕಲ್‌ದೂ ಹನ್ನೊಂದಕ್ಕೇ. ಇನ್ನಿಬ್ಬರು ಸ್ವಯಂಸೇವಕರಿಗೆ ಫೋನ್ ಮಾಡಿದೆ. ಒಬ್ಬರು ಊರಲ್ಲಿರಲಿಲ್ಲ, ಇನ್ನೊಬ್ಬರಿಗೆ ಜ್ವರ. ಅಂಕಲ್‌ಗಾಗಿ ರಾಲಿಯಿಂದ, ಅಟ್ಲಾಂಟಾದಿಂದ ಜನ ಬಂದಿದ್ದರು. ನನ್ನ ಗಂಡನನ್ನು ಅಂಕಲ್ ಅಂತ್ಯಕ್ರಿಯೆಗೆ ಕಳಿಸಿ ನಾನು ಸ್ಮಶಾನಕ್ಕೆ ಹೋದೆ. ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯನ ಮುಂದೆ ಚಳಿಯಲ್ಲಿ ಒಬ್ಬಳೇ ನಿಂತೆ.

ಸಂಜೆ ಆಂಟಿ ಫೋನ್ ಮಾಡಿದರು. "ಎಲ್ಲಿ ಹೋಗಿದ್ದಿ?"

ಹೇಳಿದೆ.

"ಛಲೋ ಮಾಡಿದಿ ಬಿಡು" ಎಂದರು. "ಆದ್ರ ಇವತ್ತು ನನಗ ನೀ ಬೇಕಾಗಿದ್ದಿ."